ಸುಸ್ಥಿರತೆಯ ಸಂಶೋಧನೆಗೆ ಫೆಲೋಶಿಪ್: ಬೆಳಗಾವಿ, ಬಾಗಲಕೋಟೆ, ವಿಜಯಪುರದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಜಿ ಮುಗಿಸಿ ಪಿಎಚ್‌ಡಿ ಮಾಡಬೇಕು ಅಂತಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆಗಳು ಇವು. ಕೆಲವನ್ನು ಅವರ ಅಪ್ಪ ಅಮ್ಮ ಕೇಳಿದ್ದಾರೆ. ನೆಲ, ನೀರು, ಬೆಳೆ, ಜನರ ಬದುಕು ಇವನ್ನೆಲ್ಲ ಒಟ್ಟಿಗೆ ಇಟ್ಟು ಸಂಶೋಧನೆ ಮಾಡುವ ಆಸೆ ಇರುವವರಿಗಾಗಿ ಬರೆದಿದ್ದೇನೆ. ಫೆಲೋಶಿಪ್ ಅಂದರೆ ಸಂಶೋಧನೆ ಮಾಡುವವರಿಗೆ ತಿಂಗಳು ತಿಂಗಳು ಸಿಗುವ ಹಣ. ಆ ದುಡ್ಡಿನ ವಿಚಾರ, ಪರೀಕ್ಷೆಯ ವಿಚಾರ ಎಲ್ಲ ಮುಂದೆ ಬರುತ್ತದೆ. ಅದಕ್ಕೂ ಮೊದಲು ಒಂದು ಮಾತು: ಅರ್ಜಿ ತುಂಬುವ ಮುಂಚೆ ಪ್ರಶ್ನೆ ಹುಡುಕಿ. ಐದು ವರ್ಷ ನಿಮ್ಮನ್ನು ಬಿಡದೆ ಹಿಡಿದಿಡುವಂಥ ಪ್ರಶ್ನೆ. ನಮ್ಮ ಮೂರು ಜಿಲ್ಲೆಗಳಲ್ಲಿ ಅಂಥ ಪ್ರಶ್ನೆಗಳಿಗೆ ಬರ ಇಲ್ಲ.

ಸುಸ್ಥಿರತಾ ವಿಜ್ಞಾನ ಅಂದರೇನು? ಪರಿಸರ ವಿಜ್ಞಾನಕ್ಕೇ ಇಟ್ಟ ಹೊಸ ಹೆಸರಾ?

ಎರಡೂ ಹತ್ತಿರದವು, ಆದರೆ ಒಂದೇ ಅಲ್ಲ. ಪರಿಸರ ವಿಜ್ಞಾನದವರು ಹೆಚ್ಚಾಗಿ ಮಣ್ಣು, ನೀರು, ಗಾಳಿ, ಜೀವಿಗಳನ್ನು ನೋಡುತ್ತಾರೆ. ಇಲ್ಲಿ ಅದರ ಜೊತೆಗೆ ಜನರ ದುಡಿಮೆ, ಮಾರುಕಟ್ಟೆ, ಕಾನೂನು, ಊರಿನ ಕಟ್ಟುಪಾಡು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇಂದಿನವರ ಅಗತ್ಯ ಪೂರೈಸಬೇಕು, ಮುಂದಿನವರ ಪಾಲನ್ನೂ ಕಸಿಯಬಾರದು. ಈ ಅರ್ಥದಲ್ಲಿ ಸುಸ್ಥಿರ ಅಭಿವೃದ್ಧಿಯ ಮಾತು ಜಗತ್ತಿನ ಎಲ್ಲ ಕಡೆ ಹಬ್ಬಿದ್ದು 1987ರಲ್ಲಿ, ವಿಶ್ವಸಂಸ್ಥೆಯ ಬ್ರಂಟ್‌ಲಂಡ್ ಆಯೋಗದ ವರದಿಯಿಂದ. ಸುಸ್ಥಿರತಾ ವಿಜ್ಞಾನ ಅನ್ನುವ ಹೆಸರಿನಲ್ಲಿ ಒಂದು ಅಧ್ಯಯನ ಕ್ಷೇತ್ರ ಗಟ್ಟಿಯಾದದ್ದು 2000ದ ಆಸುಪಾಸಿನಲ್ಲಿ.

ಘಟಪ್ರಭಾ ಕಾಲುವೆಯ ಕೆಳಗಿನ ಒಂದು ಸವಳು ಹೊಲವನ್ನೇ ತಗೊಳ್ಳಿ. ಮಣ್ಣು ಪರೀಕ್ಷಿಸುವವರು ಉಪ್ಪು ಜಾಸ್ತಿ ಆಗಿದೆ ಅನ್ನುತ್ತಾರೆ. ಎಂಜಿನಿಯರು ಬಸಿಗಾಲುವೆ ಇಲ್ಲ ಅನ್ನುತ್ತಾರೆ. ಅರ್ಥಶಾಸ್ತ್ರದವರು ಕಬ್ಬು ಬಿಟ್ಟು ಬೇರೆ ಬೆಳೆದರೆ ರೈತನಿಗೆ ಗಿಟ್ಟಬೇಕಲ್ವಾ ಅನ್ನುತ್ತಾರೆ. ಸಮಾಜಶಾಸ್ತ್ರದವರು ಕಾಲುವೆಯ ತಲೆಭಾಗದ ಹೊಲ ಯಾರದು, ಕೊನೆಭಾಗದ್ದು ಯಾರದು ಅಂತ ಕೇಳುತ್ತಾರೆ. ಎಲ್ಲರ ಮಾತೂ ನಿಜ. ಈ ನಾಲ್ಕನ್ನೂ ಒಂದೇ ಪ್ರಶ್ನೆಯೊಳಗೆ ತರುವುದು ಈ ವಿಜ್ಞಾನದ ಕೆಲಸ. ಕೆರೆ, ಕಾಲುವೆ, ಗೋಮಾಳದಂಥ ಎಲ್ಲರಿಗೂ ಸೇರಿದ ಆಸ್ತಿಯನ್ನು ಜನರೇ ನಿಯಮ ಮಾಡಿಕೊಂಡು ಕಾಪಾಡಬಲ್ಲರು ಅಂತ ತೋರಿಸಿಕೊಟ್ಟ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ನೀರಾವರಿ ಊರುಗಳಲ್ಲಿ ಸಂಶೋಧನೆ ಮಾಡುವವರು ಅವರ ಕೆಲಸವನ್ನು ಓದಲೇಬೇಕು.

ನೆಟ್ ಅರ್ಜಿಯಲ್ಲಿ ಈ ವಿಷಯವೇ ಕಾಣಿಸ್ತಿಲ್ಲ. ಏನು ಆರಿಸಬೇಕು?

ನೆಟ್ ಅಂದರೆ ಫೆಲೋಶಿಪ್‌ಗೂ ಅಧ್ಯಾಪಕ ಹುದ್ದೆಯ ಅರ್ಹತೆಗೂ ನಡೆಯುವ ರಾಷ್ಟ್ರಮಟ್ಟದ ಪರೀಕ್ಷೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನೆಟ್‌ನ ಪಟ್ಟಿಯಲ್ಲಿ ಸುಸ್ಥಿರತಾ ವಿಜ್ಞಾನ ಅಂತ ಪ್ರತ್ಯೇಕ ವಿಷಯ ಇಲ್ಲ. ನೀವು ಓದಿದ ವಿಷಯದಿಂದಲೇ ಬರಬೇಕು. ಪರಿಸರ ವಿಜ್ಞಾನ, ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದಿದವರಿಗೆ ಯುಜಿಸಿ-ನೆಟ್. ಜೀವ ವಿಜ್ಞಾನ, ರಸಾಯನ ವಿಜ್ಞಾನ, ಭೂವಿಜ್ಞಾನದವರಿಗೆ ಸಿಎಸ್‌ಐಆರ್-ಯುಜಿಸಿ ನೆಟ್. ಎಂಜಿನಿಯರಿಂಗ್‌ನವರಿಗೆ ಗೇಟ್. ಅದರಲ್ಲಿ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಅಂತ ಒಂದು ಪತ್ರಿಕೆಯೇ ಸೇರಿದೆ. ಕೃಷಿ, ತೋಟಗಾರಿಕೆ ಓದಿದವರಿಗೆ ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಮಂಡಳಿ) ಪರೀಕ್ಷೆ.

ಪಿಎಚ್‌ಡಿ ವಿಷಯದ ಹೆಸರಿನಲ್ಲಿ ಸುಸ್ಥಿರತೆ ಅನ್ನುವ ಪದ ಇರಲೇಬೇಕು ಅಂತ ಕೂರಬೇಡಿ. ಭೂಗೋಳ ವಿಭಾಗದಲ್ಲಿ ಕೂತು ಅಂತರ್ಜಲದ ಮೇಲೆ ಒಳ್ಳೆ ಕೆಲಸ ಮಾಡಬಹುದು.

ತಿಂಗಳಿಗೆ ಎಷ್ಟು ಬರುತ್ತದೆ?

ಜೆಆರ್‌ಎಫ್ (ನೆಟ್‌ನಲ್ಲಿ ಹೆಚ್ಚು ಅಂಕ ತೆಗೆದವರಿಗೆ ಸಿಗುವ ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ಕೆಲಸವನ್ನು ಸಮಿತಿ ನೋಡಿ ಒಪ್ಪಿದರೆ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋ) ಆಗುತ್ತೀರಿ, ಆಗ 42,000. ಎರಡೂ ಸೇರಿ ಗರಿಷ್ಠ ಐದು ವರ್ಷ. ಈ ದರ 2023ರ ಜನವರಿ 1ರಿಂದ ಜಾರಿಗೆ ಬಂದದ್ದು. ಹಾಸ್ಟೆಲ್‌ನಲ್ಲಿ ಇಲ್ಲದವರಿಗೆ ಊರಿನ ದರ್ಜೆ ನೋಡಿ ಮನೆ ಬಾಡಿಗೆ ಭತ್ಯೆ ಸಿಗುತ್ತದೆ. ಪುಸ್ತಕ, ಓಡಾಟ, ಸಣ್ಣಪುಟ್ಟ ಸಾಮಾನುಗಳಿಗೆ ವರ್ಷಕ್ಕಿಷ್ಟು ಅಂತ ಕಂಟಿಂಜೆನ್ಸಿ ಬೇರೆ ಇದೆ. ಈ ಬಿಲ್ಲುಗಳನ್ನು ದಿನದಿನವೂ ಒಂದು ಫೈಲಿಗೆ ಹಾಕಿಡಿ. ವರ್ಷದ ಕೊನೆಗೆ ಹುಡುಕಿದರೆ ಸಿಗುವುದಿಲ್ಲ.

ಪರೀಕ್ಷೆ ಹೇಗಿರುತ್ತದೆ? ನಾನು ಕನ್ನಡ ಮಾಧ್ಯಮದವನು.

ಯುಜಿಸಿ-ನೆಟ್‌ನಲ್ಲಿ ಎರಡು ಪತ್ರಿಕೆ, ಒಟ್ಟು ಮೂರು ಗಂಟೆ. ಮೊದಲನೆಯದರಲ್ಲಿ 50 ಪ್ರಶ್ನೆ, ಎಲ್ಲರಿಗೂ ಒಂದೇ. ಎರಡನೆಯದರಲ್ಲಿ ನಿಮ್ಮ ವಿಷಯದ 100 ಪ್ರಶ್ನೆ. ಪ್ರತಿ ಪ್ರಶ್ನೆಗೆ ಎರಡು ಅಂಕ. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ. ಸ್ನಾತಕೋತ್ತರದಲ್ಲಿ 55% ಬೇಕು. ಎಸ್‌ಸಿ, ಎಸ್‌ಟಿ, ಕೆನೆಪದರಕ್ಕೆ ಸೇರದ ಒಬಿಸಿ, ಅಂಗವಿಕಲರು, ತೃತೀಯ ಲಿಂಗಿಗಳಿಗೆ 50% ಸಾಕು. ಜೆಆರ್‌ಎಫ್‌ಗೆ ವಯಸ್ಸು 30 ದಾಟಿರಬಾರದು. ಇದೇ ವರ್ಗಗಳಿಗೆ, ಜೊತೆಗೆ ಎಲ್ಲ ಮಹಿಳೆಯರಿಗೂ, ಐದು ವರ್ಷದ ಸಡಿಲಿಕೆ ಇದೆ.

ಭಾಷೆ ಮಾತ್ರ ನಿಜವಾದ ತೊಡಕು. ಭಾಷಾ ವಿಷಯಗಳನ್ನು ಬಿಟ್ಟರೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇರುತ್ತದೆ. ಕನ್ನಡದಲ್ಲಿ ಓದಿ, ಕನ್ನಡದಲ್ಲೇ ಚೆನ್ನಾಗಿ ಯೋಚಿಸುವ ಮಕ್ಕಳಿಗೆ ಇದು ಅನ್ಯಾಯ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಆದರೆ ಪರೀಕ್ಷೆ ಬದಲಾಗುವ ತನಕ ಕಾಯಲು ಆಗುವುದಿಲ್ಲವಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಪರೀಕ್ಷೆ ನಡೆಸುವ ಎನ್‌ಟಿಎ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಪಾರಿಭಾಷಿಕ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಪಕ್ಕದಲ್ಲಿ ಕನ್ನಡದ ಅರ್ಥ ಬರೆಯಿರಿ. ವಿಷಯ ಗೊತ್ತಿದ್ದವರಿಗೆ ಪ್ರಶ್ನೆಯ ಇಂಗ್ಲಿಷ್ ಬಹಳ ಕಷ್ಟದ್ದಲ್ಲ.

ಕೆ-ಸೆಟ್ ಅನ್ನುವ ರಾಜ್ಯದ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಅದು ಅಧ್ಯಾಪಕ ಹುದ್ದೆಯ ಅರ್ಹತೆಗೆ ಮಾತ್ರ, ಅದರಿಂದ ಫೆಲೋಶಿಪ್ ಬರುವುದಿಲ್ಲ. ಇದನ್ನು ಎಷ್ಟೋ ಜನ ಕಡೆಗೆ ತಿಳಿದು ಬೇಜಾರಾಗುತ್ತಾರೆ.

ನೆಟ್ ಆಯಿತು, ಜೆಆರ್‌ಎಫ್ ಆಗಲಿಲ್ಲ. ಇನ್ನು ದಾರಿ ಇಲ್ಲವಾ?

ಇದೆ, ಒಂದಲ್ಲ ಹಲವು. 2024ರಿಂದ ನೆಟ್ ಅಂಕವನ್ನೇ ಪಿಎಚ್‌ಡಿ ಪ್ರವೇಶಕ್ಕೆ ಬಳಸುವ ಪದ್ಧತಿ ಬಂದಿದೆ. ಅಂಕಕ್ಕೆ 70%, ಸಂದರ್ಶನಕ್ಕೆ 30% ತೂಕ. ಆ ಅಂಕ ಒಂದು ವರ್ಷ ಮಾತ್ರ ನಡೆಯುತ್ತದೆ, ನೆನಪಿರಲಿ.

ಎಸ್‌ಸಿ ಮತ್ತು ಒಬಿಸಿ ವಿದ್ಯಾರ್ಥಿಗಳಿಗೆ ಕೇಂದ್ರದ ರಾಷ್ಟ್ರೀಯ ಫೆಲೋಶಿಪ್‌ಗಳಿವೆ, ಆಯ್ಕೆ ನೆಟ್ ಮೂಲಕವೇ. ಎಸ್‌ಟಿ ವಿದ್ಯಾರ್ಥಿಗಳ ಫೆಲೋಶಿಪ್ಪನ್ನು ಬುಡಕಟ್ಟು ವ್ಯವಹಾರಗಳ ಸಚಿವಾಲಯ ಕೊಡುತ್ತದೆ, ವರ್ಷಕ್ಕೆ 750. ಅದಕ್ಕೆ ಅರ್ಜಿ ಬೇರೆ. ಮನೆಗೆ ಒಬ್ಬಳೇ ಮಗಳಾದರೆ ಯುಜಿಸಿಯ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ ನೋಡಿ. ಪಿಜಿಯಲ್ಲಿ ವಿಶ್ವವಿದ್ಯಾಲಯಕ್ಕೇ ಮೊದಲ ರ‍್ಯಾಂಕ್ ಬಂದವರಿಗೆ ಕೇಂದ್ರದ ವಿಜ್ಞಾನ ಇಲಾಖೆಯ ಇನ್‌ಸ್ಪೈರ್ ಫೆಲೋಶಿಪ್ ಇದೆ. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಕೆಸ್ಟೆಪ್ಸ್ ಅನ್ನುವ ತನ್ನ ಸಂಸ್ಥೆಯ ಮೂಲಕ ವಿಜ್ಞಾನ, ಎಂಜಿನಿಯರಿಂಗ್ ಪಿಎಚ್‌ಡಿ ಮಾಡುವವರಿಗೆ ಫೆಲೋಶಿಪ್ ಕೊಡುತ್ತದೆ. ಸಮಾಜ ವಿಜ್ಞಾನದವರಿಗೆ ಐಸಿಎಸ್‌ಎಸ್‌ಆರ್ ಡಾಕ್ಟೋರಲ್ ಫೆಲೋಶಿಪ್ ಇದೆ. ಯಾವುದಾದರೂ ಪ್ರಾಜೆಕ್ಟ್‌ನಲ್ಲಿ ಸಹಾಯಕರಾಗಿ ಸೇರಿ, ಅದರ ಕೆಲಸವನ್ನೇ ಪಿಎಚ್‌ಡಿಗೆ ತಿರುಗಿಸಿಕೊಳ್ಳುವವರೂ ಇದ್ದಾರೆ. ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ 2022ರಲ್ಲಿ ನಿಂತುಹೋಯಿತು. ಹೊಸಬರು ಅದನ್ನು ನೆಚ್ಚಿಕೊಳ್ಳಬೇಡಿ.

ನಮ್ಮ ಕಡೆಯೇ ಮಾಡಬಹುದಾ, ಬೆಂಗಳೂರಿಗೇ ಹೋಗಬೇಕಾ?

ಇಲ್ಲೇ ಮಾಡಬಹುದು. ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇದೆ, ವಿಟಿಯು ಇದೆ. ವಿಟಿಯು ಅಡಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಸಂಶೋಧನಾ ಕೇಂದ್ರಗಳಿವೆ. ಬಾಗಲಕೋಟೆಯಲ್ಲಿ 2008ರಲ್ಲಿ ಶುರುವಾದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಹಿಟ್ಟಿನಹಳ್ಳಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜು ಮತ್ತು ಸಂಶೋಧನಾ ಕೇಂದ್ರ. ಒಣ ಬೇಸಾಯದ ಮೇಲೆ ವಿಜಯಪುರದಲ್ಲಿ 1930ರ ದಶಕದಿಂದಲೇ ಸಂಶೋಧನೆ ನಡೆದಿದೆ. ದೇಶದಲ್ಲಿ ಇಂಥ ಕೆಲಸ ಮೊದಲು ಶುರುವಾದ ಬೆರಳೆಣಿಕೆಯ ಕಡೆಗಳಲ್ಲಿ ಅದೂ ಒಂದು. ಕಬ್ಬಿನ ವಿಚಾರಕ್ಕೆ ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ. ಸ್ವಲ್ಪ ಆಚೆ ಹೋದರೆ ಧಾರವಾಡದ ಐಐಟಿ.

ದೊಡ್ಡ ಪ್ರಯೋಗಾಲಯ ಬೇಕಾದ ಕೆಲಸಕ್ಕೆ ಹೊರಗೆ ಹೋಗಲೇಬೇಕಾಗಬಹುದು. ಆದರೆ ನಿಮ್ಮ ಪ್ರಶ್ನೆ ಅಥಣಿಯ ಹೊಲದಲ್ಲಿದ್ದರೆ ಅಥಣಿಗೆ ಹತ್ತಿರ ಇರುವುದೇ ಲಾಭ. ಮಳೆ ಬಂದ ಮರುದಿನ ಹೊಲಕ್ಕೆ ಹೋಗಿ ನೋಡುವವರಿಗೂ, ಮೂರು ತಿಂಗಳಿಗೊಮ್ಮೆ ರೈಲು ಹತ್ತಿ ಬರುವವರಿಗೂ ತಿಳಿಯುವುದು ಬೇರೆ ಬೇರೆ.

ವಿಷಯ ಹೇಗೆ ಆರಿಸಬೇಕು? ಒಂದು ಉದಾಹರಣೆ ಕೊಡಿ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಲು ಸುತ್ತ ನೋಡಿ. ಕೃಷ್ಣಾ ನದಿ 2005, 2009, 2019ರಲ್ಲಿ ಉಕ್ಕಿ ಊರುಗಳೇ ನೀರಲ್ಲಿ ನಿಂತವು. ಅದೇ ಜಿಲ್ಲೆಗಳಲ್ಲಿ ಬೇಸಿಗೆ ಬಂದರೆ ಟ್ಯಾಂಕರ್ ನೀರಿಗೆ ಸಾಲು. ವಿಜಯಪುರದಲ್ಲಿ ಆದಿಲ್‌ಶಾಹಿ ಕಾಲದ ತಾಜ್ ಬಾವಡಿ, ಚಾಂದ್ ಬಾವಡಿ ಇವೆ, ಊರಿಗೆ ನೀರು ತರುತ್ತಿದ್ದ ಸುರಂಗಗಳ ಕುರುಹು ಇದೆ. ಇಂಡಿಯ ನಿಂಬೆ, ವಿಜಯಪುರದ ದ್ರಾಕ್ಷಿ ಬೋರ್‌ವೆಲ್ ನೀರನ್ನು ಎಷ್ಟು ಕುಡಿಯುತ್ತವೆ? ಕೂಡಗಿಯಲ್ಲಿ 2,400 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರ ಇದೆ, ಅದರ ಹಾರುಬೂದಿ ಎಲ್ಲಿಗೆ ಹೋಗುತ್ತದೆ? ಇಳಕಲ್ ಗ್ರಾನೈಟ್ ಕ್ವಾರಿಗಳ ಕಲ್ಲುರಾಶಿ ಏನಾಗುತ್ತದೆ? ಕಬ್ಬು ಕಡಿದ ಮೇಲೆ ರವದಿಗೆ (ಒಣ ಎಲೆಗೆ) ಬೆಂಕಿ ಹಾಕುವುದನ್ನು ಬಿಟ್ಟ ರೈತರು ಯಾಕೆ ಬಿಟ್ಟರು, ಬಿಡದವರು ಯಾಕೆ ಬಿಡಲಿಲ್ಲ? ಖಾನಾಪುರದ ಭೀಮಗಡ ಕಾಡಿನೊಳಗಿನ ಊರುಗಳ ಕಥೆ ಏನು? ಒಂದೊಂದೂ ಒಂದು ಪಿಎಚ್‌ಡಿ.

ಈಗ ಒಂದನ್ನು ಹಿಡಿದು ನೋಡೋಣ. ಸಂದರ್ಶನದಲ್ಲಿ ಕೂತು 'ಉತ್ತರ ಕರ್ನಾಟಕದಲ್ಲಿ ಸುಸ್ಥಿರ ಕೃಷಿ' ನನ್ನ ವಿಷಯ ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅದನ್ನು ಕಿರಿದು ಮಾಡಿ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ನೀರನ್ನು ಕೆಳಗೆ ಬಿಡುವುದು ನಿಧಾನ. ಮೇಲಿಂದ ಮೇಲೆ ಕಾಲುವೆ ನೀರು ಹರಿಸಿದರೆ ನೆಲದಡಿಯ ನೀರು ಮೇಲೇರುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಉಳಿಯುತ್ತದೆ. ಇದು ಗೊತ್ತಿರುವ ಸಂಗತಿ. ಹಾಗಾದರೆ ಗೊತ್ತಿಲ್ಲದ್ದು ಏನು? ಒಂದೇ ಕಾಲುವೆಯ ಕೆಳಗೆ ಅಕ್ಕಪಕ್ಕದ ಎರಡು ಊರಲ್ಲಿ ಒಂದರ ಹೊಲ ಸವಳಾಗಿದೆ, ಇನ್ನೊಂದು ಚೆನ್ನಾಗಿದೆ. ಯಾಕೆ? ಮಣ್ಣಿನ ಕಾರಣವಾ, ಇಳಿಜಾರಿನ ಕಾರಣವಾ, ಬಸಿಗಾಲುವೆಯನ್ನು ಊರವರು ಹೂಳು ತೆಗೆದು ಇಟ್ಟುಕೊಂಡ ಕಾರಣವಾ? ಇಷ್ಟಕ್ಕೆ ಬಂದರೆ ನಿಮ್ಮ ಕೈಯಲ್ಲಿ ಪ್ರಶ್ನೆ ಇದೆ.

ಅದಕ್ಕೆ ಉತ್ತರ ಹುಡುಕುವ ಕೆಲಸ ಹೀಗಿರುತ್ತದೆ. ಹೊಲದಲ್ಲಿ ಮೇಲೆ ಅಗಲ, ಕೆಳಗೆ ಚೂಪಾಗಿ 15 ಸೆಂಟಿಮೀಟರ್ ಆಳದ ಗುಂಡಿ ತೆಗೆಯುತ್ತೀರಿ. ಅದರ ಒಂದು ಬದಿಯಿಂದ ಮೇಲಿಂದ ಕೆಳತನಕ ಒಂದೇ ದಪ್ಪಕ್ಕೆ ಮಣ್ಣು ಕೆರೆದು ತೆಗೆಯುತ್ತೀರಿ. ಹೀಗೆ ಹಲವು ಕಡೆಯ ಮಣ್ಣನ್ನು ಗೋಣಿಚೀಲದ ಮೇಲೆ ಬೆರೆಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಬಿಡುತ್ತೀರಿ. ಉಳಿದದ್ದನ್ನು ಮತ್ತೆ ಬೆರೆಸಿ, ಮತ್ತೆ ಪಾಲು ಮಾಡಿ, ಕೊನೆಗೆ ಅರ್ಧ ಕಿಲೋ ಉಳಿಸಿಕೊಂಡು ನೆರಳಲ್ಲಿ ಒಣಗಿಸುತ್ತೀರಿ. ಬೇರಿನ ಆಳದ ಮಣ್ಣೂ ಬೇರೆಯಾಗಿ ಬೇಕಾಗುತ್ತದೆ. ಪ್ರಯೋಗಾಲಯದಲ್ಲಿ ಮಣ್ಣಿನ ರಸದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅದು ಉಪ್ಪಿನ ಮಣ್ಣು. ಸಂಜೆ ಅದೇ ಹೊಲದ ಯಜಮಾನರ ಕಟ್ಟೆ ಮೇಲೆ ಕೂತು, ಕಾಲುವೆ ನೀರು ಯಾವ ವರ್ಷ ಬಂತು, ಯಾವ ವರ್ಷದಿಂದ ಇಳುವರಿ ಬಿತ್ತು ಅಂತ ಕೇಳಿ ಬರೆದುಕೊಳ್ಳುತ್ತೀರಿ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಪುಕ್ಕಟೆ ಸಿಗುತ್ತವೆ, ಹತ್ತು ಮೀಟರ್‌ನಷ್ಟು ಸೂಕ್ಷ್ಮವಾಗಿ. ಲ್ಯಾಂಡ್‌ಸ್ಯಾಟ್ ಚಿತ್ರಗಳು 1970ರ ದಶಕದ ತನಕ ಹಿಂದಕ್ಕೆ ಹೋಗುತ್ತವೆ. ಮಣ್ಣು, ಮಾತು, ಚಿತ್ರ ಮೂರೂ ಒಂದೇ ಕಡೆ ಬೆರಳು ತೋರಿಸಿದರೆ ಉತ್ತರ ಗಟ್ಟಿ. ಬೇರೆ ಬೇರೆ ಕಡೆ ತೋರಿಸಿದರೆ ಇನ್ನೂ ಒಳ್ಳೆಯದು, ಅಲ್ಲಿ ಏನೋ ಹೊಸದಿದೆ.

ಹಳೆಯ ಅಂಕಿಅಂಶ ಎಲ್ಲಿ ಸಿಗುತ್ತದೆ?

ಇಲ್ಲಿ ಎಡವುವವರು ಬಹಳ. ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮುಂಚಿನ ಲೆಕ್ಕವೆಲ್ಲ ಬಿಜಾಪುರ ಜಿಲ್ಲೆಯ ಹೆಸರಲ್ಲಿದೆ. ಊರಿನ ಹೆಸರುಗಳು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು, ಹಾಗಾಗಿ ಬಿಜಾಪುರ, ವಿಜಯಪುರ ಎರಡೂ ಹೆಸರಲ್ಲಿ ಹುಡುಕಿ. ಮೂಡಲಗಿ, ನಿಪ್ಪಾಣಿ, ಇಳಕಲ್, ತಿಕೋಟಾ, ಬಬಲೇಶ್ವರ ಮುಂತಾದವು ಇತ್ತೀಚೆಗೆ ಆದ ತಾಲೂಕುಗಳು. ಹಿಂದಿನ ತಾಲೂಕಿನ ಅಂಕಿ ಪಕ್ಕದಲ್ಲಿ ಇಂದಿನದ್ದನ್ನು ಹಾಗೇ ಇಟ್ಟು ಹೋಲಿಸಿದರೆ ಬಿತ್ತನೆ ಪ್ರದೇಶ ದಿಢೀರ್ ಅಂತ ಕಡಿಮೆ ಆದಂತೆ ಕಾಣುತ್ತದೆ. ಗಡಿ ಬದಲಾಗಿದೆ, ಅಷ್ಟೇ.

ಮುಂಬೈ ಪ್ರಾಂತ್ಯದ ಕಾಲದ ಬೆಳಗಾವಿ ಮತ್ತು ಬಿಜಾಪುರ ಗ್ಯಾಸೆಟಿಯರ್‌ಗಳು (ಜಿಲ್ಲೆಯ ವಿವರ ಕೊಡುವ ಸರ್ಕಾರಿ ಪುಸ್ತಕಗಳು) 1884ರವು, ಬರಗಾಲದ ವಿವರ ಅವುಗಳಲ್ಲಿ ಚೆನ್ನಾಗಿದೆ. ಮಳೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಅಂತರ್ಜಲಕ್ಕೆ ಕೇಂದ್ರ ಅಂತರ್ಜಲ ಮಂಡಳಿ, ನಕ್ಷೆಗೆ ಇಸ್ರೋದ ಭುವನ್. ನಿಮ್ಮ ವಿಷಯದಲ್ಲಿ ಈಗಾಗಲೇ ಬಂದ ಪಿಎಚ್‌ಡಿ ಪ್ರಬಂಧಗಳನ್ನು ಶೋಧಗಂಗಾ ಅನ್ನುವ ಆನ್‌ಲೈನ್ ಸಂಗ್ರಹದಲ್ಲಿ ಓದಿ. ಅರ್ಜಿ ಹಾಕುವ ಮೊದಲೇ ಓದಿ.

ಮುಳುಗಡೆ ಊರಿನ ಜನರ ಬಗ್ಗೆ ಸಂಶೋಧನೆ ಮಾಡಬೇಕು ಅಂತಿದ್ದೇನೆ. ಏನು ಜಾಗ್ರತೆ ಬೇಕು?

ಆಲಮಟ್ಟಿ ಹಿನ್ನೀರಿನಲ್ಲಿ ಮನೆ, ಹೊಲ, ಗುಡಿ, ದರ್ಗಾ ಕಳಕೊಂಡವರು ಅವರು. ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಮಾತು ಕೃಷ್ಣಾ ನೀರು ಹಂಚಿಕೆಯ ನ್ಯಾಯಮಂಡಳಿಯ 2010ರ ತೀರ್ಪಿನಿಂದ ನಡೆದೇ ಇದೆ, ಹಾಗಾಗಿ ಇನ್ನೂ ಎಷ್ಟೋ ಊರಿನವರು ಕಾಯುತ್ತಾ ಕೂತಿದ್ದಾರೆ. ಕಾಗದ ಹಿಡಕೊಂಡು ಯಾರೇ ಬಂದರೂ ಪರಿಹಾರದ ಲೆಕ್ಕಕ್ಕೆ ಬಂದಿದ್ದಾರೆ ಅಂದುಕೊಳ್ಳುವುದು ಸಹಜ. ಮೊದಲ ಮಾತಿನಲ್ಲೇ ಹೇಳಿಬಿಡಿ: ಕಾಕಾ, ನಾನು ಸರ್ಕಾರದವನಲ್ಲ, ಓದುವ ಹುಡುಗ, ನನ್ನಿಂದ ಪರಿಹಾರ ಬರುವುದಿಲ್ಲ. ಆಮೇಲೆ ಅವರು ಮಾತಾಡಿದರೆ ಮಾತಾಡುತ್ತಾರೆ, ಬೇಡ ಅಂದರೆ ಎದ್ದು ಬನ್ನಿ. ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಪಡೆಯಿರಿ, ಹೆಸರುಗಳನ್ನು ಬದಲಿಸಿ ಬರೆಯಿರಿ. ಕೆಲಸ ಮುಗಿದ ಮೇಲೆ ಕಂಡುಕೊಂಡದ್ದನ್ನು ಎರಡು ಪುಟ ಕನ್ನಡದಲ್ಲಿ ಬರೆದು ಆ ಊರಿಗೆ ತಲುಪಿಸಿ. ಇದನ್ನು ಯಾವ ನಿಯಮವೂ ಹೇಳದಿದ್ದರೂ ಮಾಡಬೇಕು.

ಭೀಮಗಡದಂಥ ವನ್ಯಧಾಮದೊಳಗೆ ಕೆಲಸ ಇದ್ದರೆ ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ. ಅದು ಕೈಗೆ ಬರಲು ತಿಂಗಳುಗಳೇ ಬೇಕಾಗಬಹುದು, ಮೊದಲ ವರ್ಷವೇ ಅರ್ಜಿ ಕೊಡಿ.

ಗೈಡ್ ಹೇಗೆ ಸಿಗುತ್ತಾರೆ?

2022ರ ಯುಜಿಸಿ ನಿಯಮದ ಪ್ರಕಾರ ಪ್ರೊಫೆಸರ್ ಹತ್ತಿರ ಒಮ್ಮೆಗೆ ಎಂಟು, ಅಸೋಸಿಯೇಟ್ ಹತ್ತಿರ ಆರು, ಅಸಿಸ್ಟೆಂಟ್ ಹತ್ತಿರ ನಾಲ್ಕು ಜನ ಮಾತ್ರ ಇರಬಹುದು. ಅಂದರೆ ಸೀಟು ಖಾಲಿ ಇದೆಯಾ ಅಂತ ಮೊದಲು ಕೇಳಬೇಕು. ಅವರು ಬರೆದ ಒಂದೆರಡು ಲೇಖನ ಓದಿ, ನಿಮ್ಮ ಪ್ರಶ್ನೆಯನ್ನು ಒಂದು ಪುಟದಲ್ಲಿ ಬರೆದುಕೊಂಡು ಹೋಗಿ. ಅವರ ಹತ್ತಿರ ಈಗ ಓದುತ್ತಿರುವವರ ಜೊತೆ ಕ್ಯಾಂಟೀನಿನಲ್ಲಿ ಚಹಾ ಕುಡಿಯಿರಿ. ಸರ್ ಅಧ್ಯಾಯ ಓದಿ ವಾಪಸ್ ಕೊಡಲು ಎಷ್ಟು ದಿನ ತಗೊಳ್ಳುತ್ತಾರೆ ಅಂತ ಕೇಳಿ. ಅದಕ್ಕಿಂತ ದೊಡ್ಡ ಮಾಹಿತಿ ಬೇರೆ ಇಲ್ಲ.

ದುಡ್ಡು ಸರಿಯಾಗಿ ಬರುತ್ತದಾ?

ಬರುತ್ತದೆ, ಆದರೆ ಮೊದಲ ಕಂತು ತಡವಾಗುವುದು ಮಾಮೂಲು. ಯುಜಿಸಿ ಫೆಲೋಶಿಪ್ ಕೆನರಾ ಬ್ಯಾಂಕಿನ ಪೋರ್ಟಲ್ ಮೂಲಕ ನೇರ ನಿಮ್ಮ ಖಾತೆಗೆ ಬರುತ್ತದೆ. ನೀವು ಕೆಲಸದಲ್ಲಿ ಇದ್ದೀರಿ ಅಂತ ವಿಶ್ವವಿದ್ಯಾಲಯದವರು ಪ್ರತಿ ತಿಂಗಳು ಅದರಲ್ಲಿ ದೃಢಪಡಿಸಬೇಕು. ಆ ಕೆಲಸ ಯಾವ ಟೇಬಲ್ಲಿನಲ್ಲಿ ಆಗುತ್ತದೆ, ಯಾರು ಮಾಡುತ್ತಾರೆ ಅಂತ ಸೇರಿದ ದಿನವೇ ತಿಳಿದುಕೊಳ್ಳಿ. ತಿಂಗಳ ಕೊನೆಗೆ ಹೋಗಿ ನಮಸ್ಕಾರ ಹೇಳಿ ನೆನಪಿಸಿ ಬನ್ನಿ. ಆಧಾರ್ ಜೋಡಣೆ, ಹೆಸರಿನ ಕಾಗುಣಿತ ಎಲ್ಲ ದಾಖಲೆಗಳಲ್ಲೂ ಒಂದೇ ಇರಲಿ. ಮೊದಲ ಆರು ತಿಂಗಳ ಖರ್ಚಿಗೆ ಮನೆಯಲ್ಲಿ ಮುಂಚೆಯೇ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು.

ಗೆಸ್ಟ್ ಲೆಕ್ಚರರ್ ಕೆಲಸದ ಜೊತೆ ಫೆಲೋಶಿಪ್ ತಗೋಬಹುದಾ?

ಸಂಬಳದ ಕೆಲಸ ಮತ್ತು ಜೆಆರ್‌ಎಫ್ ಎರಡೂ ಒಟ್ಟಿಗೆ ಆಗುವುದಿಲ್ಲ. ಕೆಲಸ ಬಿಡಲಾಗದವರು ಪಾರ್ಟ್‌ಟೈಮ್ ಪಿಎಚ್‌ಡಿ ಮಾಡಬಹುದು, ಅದಕ್ಕೆ ಫೆಲೋಶಿಪ್ ಇರುವುದಿಲ್ಲ.

ಮಗಳಿಗೆ ಮದುವೆ ಮಾಡಬೇಕು. ನಡುವೆ ಪಿಎಚ್‌ಡಿ ನಿಂತರೆ?

ತಾಯಂದಿರೇ ಇದನ್ನು ಜಾಸ್ತಿ ಕೇಳುತ್ತಾರೆ. ನಿಲ್ಲಿಸಬೇಕಾಗಿಲ್ಲ. ಪಿಎಚ್‌ಡಿಗೆ ಸಾಮಾನ್ಯವಾಗಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮಹಿಳೆಯರಿಗೆ ಅದರ ಮೇಲೆ ಎರಡು ವರ್ಷ ಹೆಚ್ಚು ಅವಕಾಶ ಕೊಡಬಹುದು. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆ ಇದೆ. ಮದುವೆಯಾಗಿ ಬೇರೆ ಊರಿಗೆ ಹೋದರೆ ತನ್ನ ಸಂಶೋಧನೆಯ ದತ್ತಾಂಶವನ್ನು ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಒಯ್ದು ಮುಂದುವರಿಸಲು ನಿಯಮದಲ್ಲೇ ಜಾಗ ಇದೆ. ಸಂಬಂಧ ಮಾತಾಡುವಾಗ ಬೀಗರ ಕಡೆಯವರಿಗೆ ಇದನ್ನೂ ಹೇಳಿ. ಅಕ್ಕ, ಅವಳು ಹೊಲದಲ್ಲಿ ಹೆಣ್ಣುಮಕ್ಕಳ ಹತ್ತಿರ ಕೇಳಿ ತರುವ ಮಾತು ಬೇರೆ ಯಾರಿಗೂ ಸಿಗುವುದಿಲ್ಲ. ನೀರು ಹೊರುವವರು, ಕಳೆ ಕೀಳುವವರು, ಬೀಜ ಕಟ್ಟಿಡುವವರು ಅವರೇ ಅಲ್ವಾ?

ದುಡ್ಡು ಕೊಟ್ಟರೆ ವಾರದಲ್ಲಿ ಲೇಖನ ಅಚ್ಚು ಮಾಡುತ್ತೇವೆ ಅಂತ ಮೆಸೇಜ್ ಬರುತ್ತದೆ. ಕಳಿಸಲಾ?

ಬೇಡ. ಒಂದು ಲೇಖನವನ್ನು ವಿಷಯ ಬಲ್ಲವರು ಓದಿ ವಿಮರ್ಶಿಸಲು ವಾರ ಸಾಲುವುದಿಲ್ಲ. ಒಪ್ಪಬಹುದಾದ ಪತ್ರಿಕೆಗಳ ಯುಜಿಸಿಯ ಕೇರ್ ಪಟ್ಟಿ 2025ರಲ್ಲಿ ನಿಂತಿದೆ, ಹಾಗಾಗಿ ಪತ್ರಿಕೆ ಒಳ್ಳೆಯದೋ ಕೆಟ್ಟದ್ದೋ ಅಂತ ನೀವೂ ಗೈಡೂ ಕೂತು ನೋಡಬೇಕು. ಸಂಪಾದಕ ಮಂಡಳಿಯಲ್ಲಿ ಯಾರಿದ್ದಾರೆ, ಹಿಂದಿನ ಲೇಖನಗಳ ಗುಣಮಟ್ಟ ಹೇಗಿದೆ ಅಂತ ಓದಿ ನೋಡಿ. ಕೃತಿಚೌರ್ಯದ ವಿಚಾರದಲ್ಲಿ 2018ರ ನಿಯಮ ಇದೆ: ಹೋಲಿಕೆ 10% ದಾಟಿದರೆ ತೊಂದರೆ ಶುರು.

ಪಿಎಂಆರ್‌ಎಫ್‌ನಲ್ಲಿ 70,000 ಕೊಡ್ತಾರಂತೆ, ಹೌದಾ?

ಹೌದು. 2018ರಲ್ಲಿ ಘೋಷಣೆಯಾದ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಅದು. ಮೊದಲ ಎರಡು ವರ್ಷ ತಿಂಗಳಿಗೆ 70,000 ಅಂತ ಇಟ್ಟರು. ಆದರೆ ಐಐಎಸ್‌ಸಿ, ಐಐಟಿಯಂಥ ಆಯ್ದ ಸಂಸ್ಥೆಗಳಲ್ಲಿ ಸೇರಿದವರಿಗೆ ಮಾತ್ರ.

ನಾನು ಬಿಎಸ್ಸಿ ಎರಡನೇ ವರ್ಷ. ಈಗಲೇ ಏನಾದರೂ ಮಾಡಬಹುದಾ?

ಮಾಡಬಹುದು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆಯ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಎರಡು ತಿಂಗಳು ಒಬ್ಬ ವಿಜ್ಞಾನಿಯ ಹತ್ತಿರ ಕೆಲಸ ಮಾಡಬಹುದು. ಅರ್ಜಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಕರೆಯುತ್ತಾರೆ, ದೀಪಾವಳಿ ಹೊತ್ತಿಗೆ ಅಕಾಡೆಮಿಯ ವೆಬ್‌ಸೈಟ್ ನೋಡುತ್ತಿರಿ. ನಾಲ್ಕು ವರ್ಷದ ಪದವಿ ಮಾಡಿ 75% ಅಂಕ ಬಂದರೆ ಪಿಜಿ ಇಲ್ಲದೆಯೂ ನೆಟ್ ಬರೆದು ಪಿಎಚ್‌ಡಿಗೆ ಹೋಗಬಹುದು. ಇನ್ನೊಂದು, ನಿಮ್ಮ ಊರಿನ ಒಂದು ತೆರೆದ ಬಾವಿ ಆರಿಸಿಕೊಂಡು ತಿಂಗಳಿಗೊಮ್ಮೆ ನೀರಿನ ಮಟ್ಟ ಅಳೆದು, ತಾರೀಖು ಹಾಕಿ ಬರೆದಿಡಿ. ಕಲ್ಲು ಕಟ್ಟಿದ ಹಗ್ಗ, ಒಂದು ಅಳತೆ ಟೇಪು ಸಾಕು. ಮೂರು ವರ್ಷದ ಅಂಥ ಲೆಕ್ಕ ಇಟ್ಟುಕೊಂಡು ಸಂದರ್ಶನಕ್ಕೆ ಹೋದರೆ, ಎದುರು ಕೂತವರು ನಿಮ್ಮನ್ನು ಪ್ರಶ್ನೆ ಕೇಳುವುದು ಆ ಬಾವಿಯ ಬಗ್ಗೆಯೇ.